ಆ ಗೇಣು ನೀರು ಕುಡಿದವರು

ಮಾರ್ಚ್ 4. ಬೆಳಿಗ್ಗೆ 6
ಟ್ಯಾಂಕಿಗೆ ಕೋಲು ಇಳಿಸಿ ನೋಡಿದೆ. ಮತ್ತೆ ಒಂದು ಗೇಣು ಕಡಿಮೆ. ಮಲಗುವಾಗ ತುಂಬಿತ್ತು. ಎಲ್ಲಿ ಹೋಯಿತು? ಕೆಳಗೆ ಬಂದರೆ ನಮ್ಮವರು ನಲ್ಲಿ ಪೂರ್ತಿ ಬಿಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದಾರೆ. ಥೂ! ನಿಲ್ಲಿಸಿ ಅಂದೆ.
"ಟೀಚರಮ್ಮ, ಪಾಠ ಎಲ್ಲ ಸ್ಕೂಲಲ್ಲಿ ಇಟ್ಕೋ."
ಬೋರ್‌ವೆಲ್ ಒಂದೇ — ಮನೆಗೂ ಅದೇ, ಹಿತ್ತಲ ನರ್ಸರಿಗೂ ಅದೇ. ಮೋಟಾರು ಈಗಲೇ ಅರ್ಧ ಗಾಳಿ ಕಕ್ಕುತ್ತಿದೆ. ಇವರಿಗೆ ನಾಚಿಕೆಯೇ ಇಲ್ಲ.

ಮಾರ್ಚ್ 6
ಎಲ್ಲರಿಗೂ ಸ್ನಾನಕ್ಕೆ ಅರ್ಧ ಬಕೆಟ್. ಅತ್ತೆ ಮುಖ ಸಿಂಡರಿಸಿದರು. "ನಿಂಗೆ ನೀರಿನ ದೆವ್ವ ಮೆಟ್ಕೊಂಡಿದೆ ಕಣೇ." ಮೆಟ್ಟಿಕೊಳ್ಳಲಿ. ಆದರೂ ದಿನಾ ಗೇಣು ಇಳಿಯುತ್ತಿದೆ. ಇನ್ನಾರು — ಓರಗಿತ್ತಿಯೇ. ಎರಡು ಸಾವಿರ ಮೆಣಸಿನ ಸಸಿ ಮಾಡಿದ್ದಾಳೆ. ಕದ್ದು ನೀರು ಬಿಡುತ್ತಿರಬೇಕು. ಕೇಳಿದೆ.
"ಇಲ್ಲ ಅಕ್ಕ. ಬೆಳಿಗ್ಗೆ ಎರಡು ಕ್ಯಾನು ಚಿಮುಕಿಸ್ತೀನಿ, ಅಷ್ಟೇ."
ಏನೂ ಅರಿಯದ ಮುಖ! ಮೈಯೆಲ್ಲ ಉರಿಯಿತು.

ಮಾರ್ಚ್ 7
ನರ್ಸರಿ ಪೈಪಿನ ವಾಲ್ವ್ ಮುಚ್ಚಿ, ಹಿಡಿಯನ್ನೇ ಕಿತ್ತು ಬೀರುವಿನಲ್ಲಿಟ್ಟೆ. ಇನ್ನು ವಾಷಿಂಗ್ ಮೆಷೀನಿನ ನೀರು ಹಾಕು ಅಂದೆ.
"ಅದ್ರಲ್ಲಿ ಪೌಡರ್ ಇರತ್ತಲ್ಲ ಅಕ್ಕ... ಬರೋ ಶನಿವಾರ ತೋಟದವರು ಸಸಿ ಒಯ್ಯೋಕೆ ಬರ್ತಾರೆ. ಮೊದಲ್ನೇ ಆರ್ಡರ್. ಇದು ಕೆಟ್ರೆ ನರ್ಸರಿ ಶೆಡ್ ಕಿತ್ತು ಹಾಕ್ತೀನಿ ಅಂದಿದಾರೆ ಇವ್ರು."
"ಹುಳ ಬಿದ್ದಿದ್ರೂ ಸಾಯತ್ತೆ. ಹಾಕು."
ವಿಜ್ಞಾನದ ಟೀಚರ್ ಹೇಳಿದ ಮೇಲೆ ಮುಗಿಯಿತಲ್ಲ. ಬೂದು ನೀರು, ಮಾಸಿದ ಸಾಕ್ಸಿನ ನಾತ. ಬಕೆಟ್ಟಿನಲ್ಲಿ ಹೊತ್ತು ಹಾಕಿದಳು.

ಮಾರ್ಚ್ 12
ಸಸಿಯ ಎಲೆ ಅಂಚು ಸುಟ್ಟಿದೆಯಂತೆ. ಬಿಸಿಲು ಅಂದೆ.

ಮಾರ್ಚ್ 14. ಶನಿವಾರ
ತೋಟದವರು ಒಂದು ಸಸಿ ಕಿತ್ತು ಬೇರು ಮೂಸಿದರು. "ಏನಮ್ಮಾ ಇದು, ಬಟ್ಟೆ ಒಗೆದ ವಾಸನೆ!" ಖಾಲಿ ಗಾಡಿ ತಿರುಗಿಸಿಕೊಂಡು ಹೊರಟರು. ಮೈದುನ ಎಲ್ಲರೆದುರಿಗೇ ಅವಳ ಮೇಲೆ ಕೂಗಾಡಿದ. ಅವಳು ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.
ಗೇಣು ಮಾತ್ರ ಇವತ್ತೂ ಇಳಿದಿದೆ. ಹಾಗಾದರೆ —

ಮಾರ್ಚ್ 16. ಸಂಜೆ 5
ಏಳನೇ ಕ್ಲಾಸಿಗೆ ನೀರಿನ ಪಾಠ. ಫ್ಲಶ್ ಟ್ಯಾಂಕಿಗೆ ಇಂಕು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ, ಕಮೋಡಿನಲ್ಲಿ ಬಣ್ಣ ಕಂಡರೆ ಸೋರುತ್ತಿದೆ ಅಂತ ಅರ್ಥ. ಮುಂದಿನ ಬೆಂಚಿನವಳು ಕೇಳಿದಳು: "ನಿಮ್ಮನೇಲಿ ನೋಡಿದೀರಾ ಮಿಸ್?" ನಮ್ಮನೆಯಲ್ಲಿ ನೋಡುವುದೇನಿದೆ ಅಂದುಬಿಟ್ಟೆ.
ಬಂದವಳೇ ನಮ್ಮ ರೂಮಿನ ಬಾತ್‌ರೂಮಿನಲ್ಲಿ ಹಾಕಿದೆ. ಯಾರೂ ಫ್ಲಶ್ ಮಾಡಿಲ್ಲ. ಕಮೋಡೆಲ್ಲ ನೀಲಿ.
ಇಷ್ಟು ದಿನ ನೀರು ಕುಡಿದದ್ದು ನನ್ನ ಕಕ್ಕಸು. ಥೂ, ನನ್ನ ಜನ್ಮಕ್ಕಿಷ್ಟು!

5.40
ಹೇಳಲೇಬೇಕು. ಎಲ್ಲರೆದುರಿಗೇ. ಹಿತ್ತಲಲ್ಲಿ ಮೈದುನ ಶೆಡ್ಡಿನ ಕಂಬ ಕೀಳುತ್ತಿರುವ ಸದ್ದು. ಎರಡು ಸಲ ಎದ್ದೆ, ಎರಡು ಸಲ ಕೂತೆ. ಹೇಡಿ.
ಬಾಗಿಲಲ್ಲಿ ಅವಳೇ. ಕೈಯೆಲ್ಲ ಮಣ್ಣು.
"ಅಕ್ಕ, ಖಾಲಿ ಟ್ರೇ ತೊಳೆದಿಡ್ಬೇಕಿತ್ತು. ಒಂದೇ ಒಂದು ಬಕೆಟ್ ನೀರು... ತಗೊಳ್ಳಲಾ?"
ತಗೋ ಅಂದೆ. ಅಷ್ಟೇ ಬಂತು ಬಾಯಿಂದ. ಹೋಗುತ್ತಿದ್ದಾಳೆ. ಈಗಲೇ ಕೂಗಿ, ಮೈದುನನ ಎದುರಿಗೇ ಹೇಳಿಬಿಡಬೇಕು —