ಗಟ್ಟಿ ಆಯಿಲ್ ಹಾಕಿಸಲಿಲ್ಲ

ಕೂಡ್ಲಿಗಿ
೧೨-೧-೧೯೮೪

ತೀರ್ಥರೂಪರಾದ ಅಪ್ಪನವರಿಗೆ ಕೆಂಚಕ್ಕ ಮಾಡುವ ನಮಸ್ಕಾರಗಳು.

ನಿಮ್ಮ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಜೋಗಪ್ಪ ಮಾವ ಬರೆದಿದ್ದರು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಬಾಡಿಗೆ ಕಾರೂ ಕ್ಷೇಮ.

ದಾವಣಗೆರೆಗೆ ಹೊರಡುವಾಗ ನೀವು, "ಆಯಿಲ್ ಬದಲಿ ಮಾಡ್ಸು, ಗಟ್ಟೀದ ಹಾಕ್ಸು" ಎಂದಿದ್ದಿರಿ. ನಾನು ತೆಳು ಆಯಿಲ್ ಹಾಕಿಸಿದ್ದೇನೆ. ಸಿಟ್ಟಿಗೆದ್ದು ಮಾವನ ಕೈಯಿಂದ ಪತ್ರ ಕಿತ್ತುಕೊಳ್ಳಬೇಡಿ, ಪೂರ್ತಿ ಓದಿಸಿಕೊಳ್ಳಿ.

ಇಂಜಿನ್ ಸವೆದು ಹೊಗೆ ಉಗುಳುತ್ತಿದ್ದಾಗ ಗಟ್ಟಿ ಆಯಿಲ್ ಬೇಕಿತ್ತು. ದೀಪಾವಳಿಗೆ ನೀವೇ ಹೊಸಪೇಟೆಯಲ್ಲಿ ಇಂಜಿನ್ ಬಿಚ್ಚಿಸಿ, ಸವೆದ ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದಿರಿ. ಈಗ ಅದಕ್ಕೆ ತೆಳು ಆಯಿಲೇ ಸರಿ. ಆಯಿಲ್ ಮಾತ್ರ ಹಳೇ ರೂಢಿಯಂತೆ ಗಟ್ಟೀದೇ ಹಾಕಿಸಿದಿರಿ. ಚಳಿಗೆ ಅದು ಇನ್ನೂ ಗಟ್ಟಿಯಾಗಿ ಇಂಜಿನ್ ತಿರುಗದೆ, ದಿನಾ ಬೆಳಗ್ಗೆ ಟ್ಯಾಕ್ಸಿ ಸ್ಟ್ಯಾಂಡಿನವರೆಲ್ಲ ಸೇರಿ ಕಾರು ನೂಕಬೇಕಾಗುತ್ತಿತ್ತು.

ನಿನ್ನೆ ನಸುಕಿನಲ್ಲಿ ಹಿಂದಿನ ಓಣಿಯ ಹಂಪಮ್ಮನಿಗೆ ಹೆರಿಗೆ ನೋವು ಶುರುವಾಯಿತು. ಸ್ಟ್ಯಾಂಡಿನ ಗಾಳೆಪ್ಪ ಕಾಕ ಎಂದಿನಂತೆ ನೂಕಲು ಕಾರಿನ ಡಿಕ್ಕಿಗೆ ಕೈಯಿಟ್ಟು ನಿಂತರು. ನಾನು ಕೀ ತಿರುಗಿಸಿದ್ದೇ ತಡ, ಇಂಜಿನ್ ಹತ್ತಿಕೊಂಡಿತು.

"ಯವ್ವಾ, ನಾನಿನ್ನೂ ನೂಕೇ ಇಲ್ಲಲ್ಲ!" ಎಂದರು ಕಾಕ.

ಹಂಪಮ್ಮನನ್ನು ಕೂರಿಸಿಕೊಂಡು ಇಲ್ಲಿನ ಆಸ್ಪತ್ರೆಯವರೆಗೂ ನಾನೇ ಓಡಿಸಿದೆ. ನೀವು ಹಟಮಾಡಿ ಮಾಡಿಸಿಕೊಟ್ಟ ಲೈಸೆನ್ಸು ಕೆಲಸಕ್ಕೆ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರಾಮ.

ನಿಮ್ಮನ್ನು ದಾವಣಗೆರೆ ಆಸ್ಪತ್ರೆಯಿಂದ ಬಿಡುವ ದಿನ ತಿಳಿಸಿ. ಬಸ್ಸು ಹತ್ತಬೇಡಿ, ಹರಪನಹಳ್ಳಿ ಮೇಲೆ ಹಾಯ್ದು ಕಾರು ತರುತ್ತೇನೆ. ಕಣ್ಣಿಗೆ ಪಟ್ಟಿ ಇದ್ದರೂ ಕಿವಿ ಕೇಳುತ್ತದಲ್ಲ. ನನ್ನ ಪಕ್ಕದ ಸೀಟಿನಲ್ಲಿ ಕೂತು ಕೂಡ್ಲಿಗಿವರೆಗೂ ಇಂಜಿನ್ ಸದ್ದು ಕೇಳಿ. ಬೈಯುವುದಿದ್ದರೆ ಮನೆ ಮುಟ್ಟಿದ ಮೇಲೆ ಬೈಯಿರಿ.

ಇಂತಿ ನಿಮ್ಮ ಮಗಳು,
ಕೆಂಚಕ್ಕ