ಸುಣ್ಣ ಬಿದ್ದ ರಾಶಿ

೧೪ ಮೇ ೨೦೦೩, ಬುಧವಾರ

ರಾತ್ರಿ ಹತ್ತೂವರೆ. ಇವತ್ತೆಲ್ಲ ಹೊರಮಾವಿನ ಹಂದಿ ಫಾರಂನಲ್ಲಿ ಗೊಬ್ಬರ ತೂಗುವ ಕೆಲಸ. ಮರದ ಹೊಟ್ಟು ಬೆರೆಸಿ ಕೊಳೆಸಿದ ಹಂದಿ ಗೊಬ್ಬರದಿಂದ ಇಲ್ಲಿ ಎಷ್ಟು ಸಾರಜನಕ ಕಳೆದು ಹೋಗುತ್ತದೆ, ಡೆನ್ಮಾರ್ಕಿನಲ್ಲಿ ಎಷ್ಟು ಹೋಗುತ್ತದೆ ಎಂದು ಸಂಶೋಧನೆಗೆ ಬಂದಿರುವ ವೈಷ್ಣವಿ ಮೇಡಂ ಹೋಲಿಸುತ್ತಿದ್ದಾರೆ. ಅಲ್ಲಿ ಕಾಲು ಭಾಗ ಹೋಗಿದ್ದರೆ ನಮ್ಮದು ಅರ್ಧಕ್ಕಿಂತ ಹೆಚ್ಚು ಹೋಗಿದೆ.

ಕಾರಣ, ಫಾರಂ ಗುಡಿಸುವ ಪ್ರೇಮಕ್ಕ. ಡೆನ್ಮಾರ್ಕಿನವರು ನೋಡಲು ಬರುತ್ತಾರೆಂದು, ಹಬ್ಬಕ್ಕೆ ಗೋಡೆಗೆ ಬಳಿಯುವ ಹಾಗೆ, ರಾಶಿಯ ಮೇಲೆಲ್ಲ ಸುಣ್ಣ ಎರಚಿಬಿಟ್ಟಿದ್ದಳು. ಸುಣ್ಣ ಬಿದ್ದರೆ ಸಾರಜನಕ ಗಾಳಿಗೆ ಎದ್ದು ಹೋಗುತ್ತದಂತೆ.

“ಫಾರಿನ್ ಹಂದಿ ಮುಂದೆ ನಮ್ ಹಂದಿ ಮಾನ ಕಳೆದ್ಬಿಟ್ನಾ ಮೇಡಂ? ಕೆಲ್ಸದಿಂದ ತೆಗೀತೀರಾ?” ಎಂದು ಪ್ರೇಮಕ್ಕ ಪೊರಕೆ ಕೆಳಗಿಟ್ಟು ಕೇಳಿದಳು.

“ಇಲ್ಲ ಬಿಡ್ರೀ, ಇನ್ನೊಂದ್ ರಾಶಿ ಹಾಕೋಣ,” ಎಂದು ಮೇಡಂ ನಕ್ಕರು.

“ಹೋಗಿದ್ದು ಎಲ್ಲಿಗೆ ಹೋಯ್ತು ಮೇಡಂ?” ಎಂದು ನಾನು ಕೇಳಿದೆ.

“ಗಾಳೀಲೇ ಇದೆ. ಮಳೇಲಿ ಎಲ್ಲಾದ್ರೂ ಇಳಿಯುತ್ತೆ. ನಮ್ ರಾಶಿಗೆ ನಷ್ಟ, ಅಷ್ಟೇ.”

ತಲೆಯೆತ್ತಿ ನಿಂತುಬಿಟ್ಟೆ. ಇಷ್ಟು ವರ್ಷ ನನಗೆ ಬರೀ ನಾತವಾಗಿದ್ದದ್ದು ಕಾಣದ ಯಾವುದೋ ಹೊಲದಲ್ಲಿ ರಾಗಿಗೆ ಹಸಿರಾಗುತ್ತದೆ. ಬಿಳೀ ಬಿಸಿಲಿನ ಆ ಆಕಾಶ ತುಂಬಿದೆ ಎಂದು ಮೊದಲ ಸಲ ಅನ್ನಿಸಿತು. ಹೆಂಡತಿ ಲೂರ್ದು ತೀರಿಕೊಂಡ ಮೇಲೆ, ಮನೆಗೆ ಓಡಿ ಹೋಗಿ ಅವಳಿಗೆ ಹೇಳಬೇಕು ಅನ್ನಿಸಿದ ಸಂಗತಿ ಇದೊಂದೇ. “ಮೊದ್ಲು ಕಾಲ್ ತೊಳ್ಕೊಂಡ್ ಬಾ” ಅನ್ನುತ್ತಿದ್ದಳು. ಆಮೇಲೆ ಕೇಳುತ್ತಿದ್ದಳು, ಪೂರ್ತಿ ಕೇಳುತ್ತಿದ್ದಳು…

ನಾಳೆ ಹೊಸ ರಾಶಿಗೆ ಹಲಸೂರಿನ ಸಾ ಮಿಲ್ಲಿನಿಂದ ಎರಡು ಚೀಲ ಹೊಟ್ಟು ತರಬೇಕು.