ಹಾಡಿದರೆ ಕಡಿಮೆಯಾಗುವ ಪಗಾರ

ರಾಯಚೂರು
ಬಿಸಿಲುಮಾಸದ ಎರಡನೆಯ ಸೋಮವಾರ, ೨೨೧೪

ಇನ್ನೂರು ವರ್ಷದ ಹಿಂದಿನ, ನಮ್ಮ ಮನೆತನದ ಹಿರಿಯಳಾದ ಬಸಲಿಂಗಮ್ಮನಿಗೆ ಅಮರಮ್ಮನ ಶರಣು.

ಇಂದು ನನ್ನ ಒಪ್ಪತ್ತು. ಅಂಗಳ ಗುಡಿಸಿ, ಗಡಿಗೆಗೆ ನೀರು ಹಿಡಿದು, ಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಬಿಸಿಲುಮಾಸ ಎಂದರೆ ನಿನಗೆ ತಿಳಿಯಲಿಕ್ಕಿಲ್ಲ. ವೈಶಾಖ ಮುಗಿದರೂ ಸೆಕೆ ಮುಗಿಯದ್ದಕ್ಕೆ ಜ್ಯೇಷ್ಠದ ಮೊದಲು ನಮ್ಮವರು ಸೇರಿಸಿದ ತಿಂಗಳು ಅದು. ಇಂಥ ಮಾತುಗಳು ಇನ್ನೂ ಬರುತ್ತವೆ, ಹೊಟ್ಟೆಗೆ ಹಾಕಿಕೋ ತಾಯಿ. ಹಳ್ಳಿ ಸಾಲಿಯಲ್ಲಿ ಕಲಿತವಳು ನಾನು, ಬಿಡಿಸಿ ಹೇಳುವ ಜಾಣತನ ಕಡಿಮೆ.

ನಾನು ನೆರಳಗಿತ್ತಿ. ನಮ್ಮ ಬೀದಿಗಳಲ್ಲಿ ಹಗಲು ಬರಿದಲೆಯಲ್ಲಿ ನಡೆಯಲಾಗದು. ಅದಕ್ಕೆ ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು ಬಳ್ಳಿ ಹಬ್ಬಿಸಿದ್ದಾರೆ. ಏಣಿ ಹತ್ತಿ ಕುಡಿಗಳನ್ನು ತಂತಿಗೆ ಸುತ್ತುವುದು, ಒಣಗಿದ್ದನ್ನು ಚಿವುಟುವುದು, ಪಾತ್ರೆ ತೊಳೆದ ನೀರನ್ನು ಬೇರಿಗೆ ಬಿಡುವುದು ನನ್ನ ಕೆಲಸ. ಕೆಳಗೆ ಮಕ್ಕಳು ನೆರಳಲ್ಲಿ ಹಾದು ಹೋಗುವಾಗ ನನ್ನ ಬಾಯಿಗೆ ಭಜನೆಯ ಪದ ತಾನಾಗಿ ಬರುತ್ತದೆ. ತೊಂದರೆ ಶುರುವಾದದ್ದು ಅಲ್ಲೇ.

ನಮ್ಮಲ್ಲಿ ಪಗಾರದಿಂದ ಖುಷಿಪಾಲು ಮುರಿದುಕೊಳ್ಳುತ್ತಾರೆ. ಯಾರಿಗೆ ಕೆಲಸವೇ ಸಂತೋಷ ಕೊಡುತ್ತದೋ ಅವರ ಕೂಲಿಯಲ್ಲಿ ಒಂದು ಪಾಲು ಆಗಲೇ ಸಂದಿದೆ ಎಂಬ ಲೆಕ್ಕ. ಗಟಾರ ತೆಗೆಯುವವರಿಗೆ ಹೆಚ್ಚು ಸಿಗಲಿ ಎಂದು ತಂದ ನಿಯಮವಂತೆ. ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಈಗ ಎಲ್ಲರೂ ನರಳುವುದನ್ನೇ ರೂಢಿ ಮಾಡಿಕೊಂಡಿದ್ದಾರೆ. ನನ್ನ ಜೊತೆಗಾತಿ ಹುಲಿಗೆಮ್ಮ ಮೇಲ್ವಿಚಾರಕನನ್ನು ಕಂಡರೆ ಸೊಂಟ ಹಿಡಿದು ಶಿವನನ್ನು ಕರೆಯುತ್ತಾಳೆ, ಅವನು ತಿರುವು ದಾಟಿದೊಡನೆ ನನಗೆ ಕಣ್ಣು ಹೊಡೆಯುತ್ತಾಳೆ. ನಿನ್ನೆ ಏಣಿ ಹಿಡಿದು ನಿಂತು ಬೈದಳು: "ಅಮರಕ್ಕಾ, ಹಾಡು ಬಂದ್ ಮಾಡ. ಮಾರಿ ಗಂಟ್ ಹಾಕ್ಕೊ. ನಿನ್ನ ಪಗಾರ ನಿನ್ನ ಬಾಯೇ ತಿನ್ನಾಕತ್ತೈತಿ!" ನಾನು ನಕ್ಕೆ. ಆದರೆ ಈಚೆಗೆ ಅವಳು ಯಾರೂ ಇಲ್ಲದಾಗಲೂ ನರಳುತ್ತಾಳೆ. ನಟನೆಯೋ, ನಿಜವಾಗಿ ಸೊಂಟ ನೋಯುತ್ತಿದೆಯೋ, ಅವಳಿಗೂ ತಿಳಿಯದಂತಾಗಿದೆ.

ನನಗೆ ಐವತ್ತಾಯಿತು, ಮೊಣಕಾಲುಗಳು ಏಣಿ ಹತ್ತಲು ಒಲ್ಲವು. ಕುಳಿತವರನ್ನು ತಂತಿಯವರೆಗೆ ಎತ್ತುವ ಏರುಕುರ್ಚಿ ಸಿಗುತ್ತದೆ, ಆದರೆ ಅದನ್ನು ನಾವೇ ಕೊಳ್ಳಬೇಕು. ಈ ಪಗಾರದಲ್ಲಿ ಆಗದು. ಕೊಳ್ಳದಿದ್ದರೆ ಬಳ್ಳಿ ಬಿಡಿಸಿ ಉಗ್ರಾಣದಲ್ಲಿ ಕೂರಿಸುತ್ತಾರೆ. ಪಗಾರ ಏರಿಸುವ ಮಾತು ಕೇಳುವ ಪಗಾರಕಟ್ಟೆಯಲ್ಲಿ ಇಂದು ಸಂಜೆ ನನ್ನ ಸರದಿ. ಈ ಕೆಲಸ ಸಾಕಾಗಿದೆ ಎಂದರೆ ಪಗಾರ ಏರುತ್ತದೆ, ಕುರ್ಚಿ ಬರುತ್ತದೆ, ಕೆಲಸ ಉಳಿಯುತ್ತದೆ. ಒಪ್ಪತ್ತಿನ ದಿನ, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ಆ ಸುಳ್ಳು ಹೇಗೆ ಹೇಳಲಿ? ಹೇಳಿ ಹೇಳಿ ಅದು ನಿಜವೇ ಆಗಿಬಿಟ್ಟರೆ? ಯಾವ ಕಡೆಯಿಂದ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ.

ನೀನು ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದೆಯಂತೆ. ಒಮ್ಮೆ ಆಫೀಸಿನ ಮುಂದೆ ಧರಣಿ ಕುಳಿತು, ಮಕ್ಕಳಿಗೆ ಬಡಿಸುವುದೆಂದರೆ ನನಗೆ ಜೀವ, ಪಗಾರ ಹೆಚ್ಚಿಸಿ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದೆಯಂತೆ. ಇದನ್ನು ಇಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅವರು ಕೊಟ್ಟರೋ, ನಕ್ಕು ಕಳಿಸಿದರೋ, ಮನೆಯವರ ಬಾಯಲ್ಲಿ ಉಳಿದಿಲ್ಲ. ಹಾಗೆ ಕೇಳುವಾಗ ನಿನ್ನ ನಾಲಿಗೆ ತಡವರಿಸಲಿಲ್ಲವೇ? ಮರುದಿನ ಅನ್ನ ಬಡಿಸುವಾಗ ಮೊದಲಿನ ಹಿಗ್ಗು ಇತ್ತೇ? ಅದೊಂದು ಹೇಳು.

ಈ ಕಾಗದ ತರುವ ಹಿಂದಂಚೆ ಹಿಂದಿನ ಕಾಲಕ್ಕೆ ಹೋಗುತ್ತದೆಯೇ ಹೊರತು ಅಲ್ಲಿಂದ ಏನನ್ನೂ ತರುವುದಿಲ್ಲ. ಉತ್ತರ ಬರೆದು ಗುಡ್ಡದ ಆನೆಬಂಡೆಯ ಬಿರುಕಿನಲ್ಲಿ ಇಡು. ಬಂಡೆ ಈಗಲೂ ಇದ್ದಲ್ಲೇ ಇದೆ. ನೀನು ಬರೆದಿದ್ದರೆ ಅದು ನಾನು ಹುಟ್ಟುವ ಮೊದಲಿನಿಂದಲೇ ಅಲ್ಲಿರಬೇಕು ಎನ್ನುತ್ತಾಳೆ ಹುಲಿಗೆಮ್ಮ. ಅದು ಹೇಗೋ, ನನ್ನ ತಲೆಗೆ ಹತ್ತಲಿಲ್ಲ.

ಹುಲಿಗೆಮ್ಮಾ, ಇದನ್ನು ಅಂಚೆಗೆ ಹಾಕುವವಳು ನೀನೇ. ಓದದೆ ಬಿಡುವವಳಲ್ಲ ಎಂದು ಗೊತ್ತು. ನನ್ನ ಕಾಲು ಗುಡ್ಡ ಹತ್ತುವುದಿಲ್ಲ. ಬರುವಾಗ ಬಂಡೆಯ ಕಡೆ ಹೋಗಿ ಬಾರವ್ವ. ಬಿರುಕಿನಲ್ಲಿ ಏನಿದ್ದರೂ ನನ್ನ ಹೆಸರು ಕೂಗುವ ಮೊದಲು ಪಗಾರಕಟ್ಟೆಗೆ ತಂದು ಕೊಡು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಕುಳಿತಿರುತ್ತೇನೆ, ಹಾಡುವುದೂ ಇಲ್ಲ, ನರಳುವುದೂ ಇಲ್ಲ.